ಮಕ್ವಾರಿ ದ್ವೀಪ: ನೂರು ವರ್ಷಗಳ ಲೂಟಿ, ನೂರು ವರ್ಷಗಳ ದುರಸ್ತಿ



ಇತಿಹಾಸವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಮತ್ತು ಅವುಗಳ ಇಸವಿಗಳು ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಪರೀಕ್ಷೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ರಾಜರಾಗಲಿ, ಪ್ರಜೆಗಳಾಗಲಿ ಇಲ್ಲದ, ಒಂದೇ ಒಂದು ಮರವೂ ಬೆಳೆಯದ ನೆಲಕ್ಕೂ ಇತಿಹಾಸವಿರುತ್ತದೆ. ಅಂತಹ ಒಂದು ದ್ವೀಪದ ಕಥೆಯನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅದರ ಹೆಸರು ಮಕ್ವಾರಿ.

ನಿಮ್ಮ ಶಾಲೆಯ ಭೂಪಟವನ್ನು ತೆರೆದು ನೋಡಿ. ಆಸ್ಟ್ರೇಲಿಯಾದ ಕೆಳಗೆ ಟಾಸ್ಮೇನಿಯಾ ಇದೆ. ಅಲ್ಲಿಂದ ಆಗ್ನೇಯ ದಿಕ್ಕಿಗೆ ಸುಮಾರು 1,500 ಕಿಲೋಮೀಟರ್ ಸಮುದ್ರದಲ್ಲಿ ಸಾಗಿದರೆ ಈ ದ್ವೀಪ ಸಿಗುತ್ತದೆ. ದಕ್ಷಿಣ ಅಕ್ಷಾಂಶ ಐವತ್ತನಾಲ್ಕೂವರೆ ಡಿಗ್ರಿಯಲ್ಲಿದೆ. ಉದ್ದ 34 ಕಿಲೋಮೀಟರ್, ಅಗಲ ಹೆಚ್ಚೆಂದರೆ ಐದೂವರೆ ಕಿಲೋಮೀಟರ್. ಅನೇಕ ಭೂಪಟಗಳಲ್ಲಿ ಅದನ್ನು ಒಂದು ಚುಕ್ಕೆಯಾಗಿಯೂ ಗುರುತಿಸಿರುವುದಿಲ್ಲ.

ಸಮುದ್ರದ ತಳವೇ ಮೇಲೆದ್ದು ಬಂದ ನೆಲ

ಹೆಚ್ಚಿನ ಸಾಗರ ದ್ವೀಪಗಳು ಜ್ವಾಲಾಮುಖಿಯಿಂದ ಅಥವಾ ಹವಳದಿಂದ ಆದವು. ಮಕ್ವಾರಿ ಹಾಗಲ್ಲ. ಭೂಮಿಯ ಎರಡು ಬೃಹತ್ ಫಲಕಗಳು ಒಂದನ್ನೊಂದು ಒತ್ತಿ, ಸಮುದ್ರದ ತಳವೇ ಮೇಲೆದ್ದು ಈ ದ್ವೀಪವಾಗಿದೆ. ಸಾಗರತಳದಿಂದ ಆರು ಕಿಲೋಮೀಟರ್ ಆಳದ ಮ್ಯಾಂಟಲ್ ಎಂಬ ಪದರದ ಬಂಡೆಗಳನ್ನು ಇಲ್ಲಿ ಕಾಲಿನಡಿಯಲ್ಲೇ ನೋಡಬಹುದು. ಈ ಕಾರಣದಿಂದಲೇ 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಒತ್ತಡ ಇನ್ನೂ ನಿಂತಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯನ್ನು ನಾವು ಯಾರೂ ಮರೆತಿಲ್ಲ. ಅದಕ್ಕೆ ಕೇವಲ ಮೂರು ದಿನ ಮೊದಲು ಮಕ್ವಾರಿಯ ಉತ್ತರದ ಸಮುದ್ರದಲ್ಲಿ 8.1 ತೀವ್ರತೆಯ ಭೂಕಂಪವಾಗಿತ್ತು. ಜನವಸತಿಯಿಂದ ದೂರವಿದ್ದುದರಿಂದ ಅದು ಹೆಚ್ಚು ಸುದ್ದಿಯಾಗಲಿಲ್ಲ.

ಇಲ್ಲಿನ ಹವಾಮಾನವೂ ವಿಚಿತ್ರವೇ. ವರ್ಷವಿಡೀ ಸರಾಸರಿ ಉಷ್ಣಾಂಶ ಐದು ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೇಸಿಗೆಗೂ ಚಳಿಗಾಲಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವರ್ಷದ ಮುನ್ನೂರಕ್ಕೂ ಹೆಚ್ಚು ದಿನ ಮಳೆಯೋ ಹಿಮವೋ ಬೀಳುತ್ತದೆ. ಪಶ್ಚಿಮದ ಗಾಳಿ ಹಗಲಿರುಳು ಬೀಸುತ್ತಲೇ ಇರುತ್ತದೆ. ಮರಗಳಿಲ್ಲ, ಇರುವುದೆಲ್ಲ ಎದೆಯೆತ್ತರದ ಪೊದೆಹುಲ್ಲು, ಪಾಚಿ ಮತ್ತು ಅಗಲ ಎಲೆಯ ಒಂದು ಗಿಡ. ನಾವಿಕರು ಆ ಗಿಡವನ್ನು ಮಕ್ವಾರಿ ಕೋಸು ಎಂದು ಕರೆದರು.

ಹೆಸರಿನ ಹಿಂದೆ ಶ್ರೀರಂಗಪಟ್ಟಣ

ಈ ದ್ವೀಪ ಹೊರಜಗತ್ತಿಗೆ ತಿಳಿದದ್ದು 1810ರ ಜುಲೈ 11ರಂದು. ಸಿಡ್ನಿಯ ಕ್ಯಾಂಪ್‌ಬೆಲ್ ಕಂಪನಿಯ 'ಪರ್ಸಿವರೆನ್ಸ್' ಎಂಬ ಹಡಗು ಸೀಲ್ ಪ್ರಾಣಿಗಳನ್ನು ಹುಡುಕುತ್ತಾ ಇಲ್ಲಿಗೆ ಬಂತು. ಅದರ ಕಪ್ತಾನ ಫ್ರೆಡರಿಕ್ ಹ್ಯಾಸಲ್‌ಬರೋ. ಆತ ದ್ವೀಪಕ್ಕೆ ಅಂದಿನ ನ್ಯೂ ಸೌತ್ ವೇಲ್ಸ್ ಗವರ್ನರ್ ಲಾಕ್ಲನ್ ಮಕ್ವಾರಿಯ ಹೆಸರಿಟ್ಟ.

ಈ ಗವರ್ನರ್ ಯಾರು? ಸಿಡ್ನಿಗೆ ಹೋಗುವ ಮೊದಲು ಆತ ಅನೇಕ ವರ್ಷ ಹಿಂದೂಸ್ತಾನದಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಿದ್ದವನು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಆತನಿದ್ದ. 1799ರ ಮೇ 4ರಂದು ಹಜ್ರತ್ ಟಿಪ್ಪು ಸುಲ್ತಾನರು ಶಹೀದರಾದ ಕೊನೆಯ ಯುದ್ಧದ ಕಾಲದಲ್ಲೂ ಬೊಂಬಾಯಿ ಸೈನ್ಯದೊಂದಿಗೆ ಅಲ್ಲಿಗೆ ಬಂದಿದ್ದ. ನಮ್ಮ ನಾಡಿನ ಕೋಟೆಯ ಪತನವನ್ನು ಕಂಡವನೊಬ್ಬನ ಹೆಸರು, ಹನ್ನೊಂದು ವರ್ಷಗಳ ನಂತರ, ಪೆಂಗ್ವಿನ್‌ಗಳ ದ್ವೀಪವೊಂದಕ್ಕೆ ಅಂಟಿಕೊಂಡಿತು. ಒಂದು ಸಾಮ್ರಾಜ್ಯದ ಕೈ ಎಷ್ಟು ದೂರ ಚಾಚಿತ್ತೆಂಬುದಕ್ಕೆ ಇದೊಂದು ಉದಾಹರಣೆ.

ಹ್ಯಾಸಲ್‌ಬರೋ ತನ್ನ ಕೆಲವರನ್ನು ದ್ವೀಪದಲ್ಲೇ ಬೇಟೆಗೆ ಬಿಟ್ಟು ಸಿಡ್ನಿಗೆ ಮರಳಿದ. ಜಾಗ ಎಲ್ಲಿದೆ ಎಂಬ ಗುಟ್ಟು ಬೇರೆ ವ್ಯಾಪಾರಿಗಳಿಗೆ ತಿಳಿಯಬಾರದೆಂದು ಬಹಳ ಪ್ರಯತ್ನಿಸಿದ. ಆದರೆ ಗುಟ್ಟು ಉಳಿಯಲಿಲ್ಲ. ಆತನೂ ಬಹಳ ಕಾಲ ಉಳಿಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕ್ಯಾಂಪ್‌ಬೆಲ್ ದ್ವೀಪದ ಬಳಿ ದೋಣಿ ಮುಳುಗಿ ತೀರಿಹೋದ.

ತುಪ್ಪಳದ ಲಾಲಸೆ

ಆ ಕಾಲದಲ್ಲಿ ಸೀಲ್‌ನ ತುಪ್ಪಳಕ್ಕೆ ಲಂಡನ್ ಮತ್ತು ಚೀನಾದ ಕ್ಯಾಂಟನ್ ಮಾರುಕಟ್ಟೆಗಳಲ್ಲಿ ಒಳ್ಳೆಯ ಬೆಲೆಯಿತ್ತು. ಮನುಷ್ಯನನ್ನೇ ಕಂಡಿರದ ತುಪ್ಪಳ ಸೀಲ್‌ಗಳು ಓಡಿಹೋಗಲಿಲ್ಲ. ಬೇಟೆಗಾರರು ದೊಣ್ಣೆಯಿಂದ ಹೊಡೆದು ಕೊಂದು, ಚರ್ಮ ಸುಲಿದು, ಉಪ್ಪು ಹಾಕಿ ಹಡಗಿಗೆ ತುಂಬಿದರು. ಹತ್ತು ವರ್ಷಗಳೊಳಗೆ ಅಂದಾಜು ಎರಡು ಲಕ್ಷ ಸೀಲ್‌ಗಳು ಹೀಗೆ ಹೋದವು. 1820ರ ಹೊತ್ತಿಗೆ ದ್ವೀಪದಲ್ಲಿ ತುಪ್ಪಳ ಸೀಲ್ ಇಲ್ಲವೆಂಬಷ್ಟು ವಿರಳವಾಯಿತು. ಅಲ್ಲಿ ಮೊದಲು ಇದ್ದದ್ದು ಯಾವ ಜಾತಿಯ ಸೀಲ್ ಎಂದು ಯಾರೂ ಬರೆದಿಡಲಿಲ್ಲ. ಚರ್ಮಗಳ ಲೆಕ್ಕವಿಟ್ಟವರಿಗೆ ಪ್ರಾಣಿಯ ಗುರುತು ಬೇಕಾಗಿರಲಿಲ್ಲ. 1950ರ ದಶಕದವರೆಗೆ ಅಲ್ಲಿ ಮತ್ತೆ ತುಪ್ಪಳ ಸೀಲ್ ಮರಿ ಹುಟ್ಟಿದ ದಾಖಲೆಯಿಲ್ಲ.

ತುಪ್ಪಳ ಮುಗಿದ ಮೇಲೆ ಎಣ್ಣೆಯ ಸರದಿ. ಆನೆ ಸೀಲ್ ಎಂಬ ದೈತ್ಯ ಪ್ರಾಣಿಯ ಚರ್ಮದಡಿಯಲ್ಲಿ ದಪ್ಪನೆಯ ಕೊಬ್ಬಿನ ಪದರವಿರುತ್ತದೆ. ಅದನ್ನು ಕತ್ತರಿಸಿ, ದೊಡ್ಡ ಕಬ್ಬಿಣದ ಹಂಡೆಗಳಲ್ಲಿ ಕುದಿಸಿ, ದೀಪಕ್ಕೂ ಯಂತ್ರಗಳಿಗೂ ಎಣ್ಣೆ ತೆಗೆದರು.

ಆ ಬೇಟೆಗಾರರ ದಿನಚರಿಯನ್ನೂ ಸ್ವಲ್ಪ ಯೋಚಿಸಿ. ಹಡಗು ಅವರನ್ನು ಇಳಿಸಿ ಹೋದರೆ ಮತ್ತೆ ಯಾವಾಗ ಬರುತ್ತದೆಂಬ ಖಾತ್ರಿಯಿಲ್ಲ. ಹಡಗು ನಿಲ್ಲಿಸಲು ಬಂದರಿಲ್ಲ, ಅಲೆಗಳ ನಡುವೆ ಸಣ್ಣ ದೋಣಿಯಲ್ಲೇ ಎಲ್ಲವನ್ನೂ ಸಾಗಿಸಬೇಕು. 1820ರ ನವೆಂಬರಿನಲ್ಲಿ ರಷ್ಯಾದ ನಾವಿಕ ಬೆಲಿಂಗ್ಸ್‌ಹೌಸೆನ್ ಇಲ್ಲಿಗೆ ಬಂದು ಅವರ ಬದುಕನ್ನು ಕಂಡು ಬರೆದಿಟ್ಟಿದ್ದಾನೆ. ಗುಡಿಸಲಿನ ಹೊರಗೆ ಹುಲ್ಲಿನ ಹೊದಿಕೆ, ಒಳಗೋಡೆಗೆ ಸೀಲ್ ಚರ್ಮ. ಸೌದೆಯಿಲ್ಲದ್ದರಿಂದ ಒಲೆಗೂ ದೀಪಕ್ಕೂ ಸೀಲ್ ಕೊಬ್ಬೇ ಆಧಾರ. ಊಟಕ್ಕೆ ಪೆಂಗ್ವಿನ್ ಮೊಟ್ಟೆ, ಸಮುದ್ರದ ಹಕ್ಕಿಗಳು, ಆನೆ ಸೀಲ್‌ನ ಈಜುಕಾಲು. ಸ್ಕರ್ವಿ ರೋಗ ತಗುಲದಂತೆ ಮಕ್ವಾರಿ ಕೋಸಿನ ಸಾರು. ಹೊಗೆಯ ಮಸಿ, ಎಣ್ಣೆಯ ಜಿಡ್ಡು, ಒದ್ದೆ ಬಟ್ಟೆ, ತಿಂಗಳುಗಟ್ಟಲೆ ಅದೇ ನಾಲ್ಕು ಮುಖಗಳು. ಲಾಭ ಸಿಡ್ನಿಯ ವ್ಯಾಪಾರಿಗಳದ್ದು, ಕಷ್ಟ ಈ ಬಡ ಕೂಲಿಗಳದ್ದು. ಲೂಟಿ ಮಾಡಿದವರೆಂದು ನಾವು ಅವರನ್ನು ದೂರುವಾಗ ಈ ಮಾತೂ ನೆನಪಿರಬೇಕು.

ಒಂದು ಗಿಳಿಯ ಅಂತ್ಯ

ಬೆಲಿಂಗ್ಸ್‌ಹೌಸೆನ್ ಇನ್ನೂ ಎರಡು ವಿಷಯ ಗಮನಿಸಿದ್ದ. ದ್ವೀಪದಲ್ಲಿ ಹಸಿರು ಗಿಳಿಗಳು ಬೇಕಾದಷ್ಟಿದ್ದವು. ಹಾಗೆಯೇ ಹಡಗುಗಳಿಂದ ತಪ್ಪಿಸಿಕೊಂಡು ಕಾಡುಪಾಲಾದ ಬೆಕ್ಕುಗಳೂ ಇದ್ದವು.

ಮರವೇ ಇಲ್ಲದ ಚಳಿದ್ವೀಪದಲ್ಲಿ ಗಿಳಿಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಈ ಗಿಳಿ ಪೊದೆಹುಲ್ಲಿನ ನಡುವೆ ನೆಲದಲ್ಲೇ ಗೂಡು ಮಾಡುತ್ತಿತ್ತು, ತೀರದಲ್ಲಿ ಹುಳುಹುಪ್ಪಟೆ ಆರಿಸಿ ತಿನ್ನುತ್ತಿತ್ತು. ಬೆಕ್ಕುಗಳು ಬಂದ ಮೇಲೂ ಆರು ದಶಕಕ್ಕೂ ಹೆಚ್ಚು ಕಾಲ ಅದು ಬದುಕಿತು. ಏಕೆಂದರೆ ಚಳಿಗಾಲದಲ್ಲಿ ಸಮುದ್ರದ ಹಕ್ಕಿಗಳೆಲ್ಲ ಹೊರಟುಹೋದಾಗ ಬೆಕ್ಕುಗಳಿಗೆ ಆಹಾರ ಸಿಗದೆ ಅವುಗಳ ಸಂಖ್ಯೆ ತಾನಾಗಿಯೇ ತಗ್ಗುತ್ತಿತ್ತು.

ನಂತರ ಬೇಟೆಗಾರರು ತಮ್ಮ ಊಟಕ್ಕೆಂದು ನ್ಯೂಜಿಲೆಂಡಿನಿಂದ ವೇಕಾ ಎಂಬ ಹಾರಲಾರದ ಹಕ್ಕಿಯನ್ನೂ, 1870ರ ದಶಕದ ಕೊನೆಯಲ್ಲಿ ಮೊಲಗಳನ್ನೂ ತಂದು ಬಿಟ್ಟರು. ಮೊಲಗಳು ಬೇಗ ಬೇಗನೆ ಹೆಚ್ಚಿದವು. ಈಗ ಬೆಕ್ಕುಗಳಿಗೂ ವೇಕಾಗಳಿಗೂ ಚಳಿಗಾಲದಲ್ಲಿಯೂ ಮೊಲದ ಮರಿ ಸಿಗತೊಡಗಿತು. ಅವು ಸಾಯದೆ ಉಳಿದು ಸಂಖ್ಯೆಯಲ್ಲಿ ಬೆಳೆದವು, ಗಿಳಿಗಳ ಮೇಲೆ ಮುಗಿಬಿದ್ದವು. 1880ರಲ್ಲಿ ಹಿಂಡುಹಿಂಡಾಗಿದ್ದ ಗಿಳಿ 1891ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ.

ವಿದ್ಯಾರ್ಥಿಗಳೇ, ಇದನ್ನು ಗಮನವಿಟ್ಟು ನೋಡಿ. ಮೊಲ ಗಿಳಿಯನ್ನು ಮುಟ್ಟಲಿಲ್ಲ. ಮೊಲ ತಂದವನಿಗೆ ಗಿಳಿಯ ಮೇಲೆ ದ್ವೇಷವೂ ಇರಲಿಲ್ಲ. ಆದರೂ ಮೊಲ ಬಂದು ಹನ್ನೆರಡು ವರ್ಷಗಳ ಸುಮಾರಿಗೆ ಗಿಳಿಯ ಕುಲ ಅಳಿಯಿತು. ಪ್ರಕೃತಿಯಲ್ಲಿ ಒಂದು ಕೊಂಡಿಯನ್ನು ಎಳೆದರೆ ಇನ್ನೆಲ್ಲೋ ಒಂದು ಕೊಂಡಿ ಕಳಚುತ್ತದೆ ಎಂದು ಪಠ್ಯಪುಸ್ತಕದಲ್ಲಿ ಓದುತ್ತೀರಿ. ಅದು ಕಣ್ಣೆದುರಿಗೆ ನಡೆದದ್ದು ಹೀಗೆ.

ಪೆಂಗ್ವಿನ್ ಎಣ್ಣೆಯ ಕಾರ್ಖಾನೆ

1890ರ ಸುಮಾರಿಗೆ ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಪಟ್ಟಣದ ವ್ಯಾಪಾರಿ ಜೋಸೆಫ್ ಹ್ಯಾಚ್ ಎಂಬಾತ ಹೊಸ ಉದ್ಯಮ ಶುರು ಮಾಡಿದ. ಆತ ಆ ಪಟ್ಟಣದ ಮೇಯರ್ ಆಗಿದ್ದವನು, ಪಾರ್ಲಿಮೆಂಟ್ ಸದಸ್ಯನೂ ಆಗಿದ್ದವನು. ಉಗಿಯಿಂದ ಬೇಯಿಸುವ ಎತ್ತರದ ಕಬ್ಬಿಣದ ಪಾತ್ರೆಗಳನ್ನು ದ್ವೀಪದಲ್ಲಿ ನಿಲ್ಲಿಸಿ ಪೆಂಗ್ವಿನ್‌ಗಳಿಂದ ಎಣ್ಣೆ ತೆಗೆಸಿದ. ಮೊದಲು ಲುಸಿಟೇನಿಯಾ ಕೊಲ್ಲಿಯ ಕಿಂಗ್ ಪೆಂಗ್ವಿನ್‌ಗಳು. ಅವು ಕಡಿಮೆಯಾದಾಗ ರಾಯಲ್ ಪೆಂಗ್ವಿನ್‌ಗಳು. 1905ರಲ್ಲಿ ಈ ಉದ್ಯಮ ಉಚ್ಛ್ರಾಯದಲ್ಲಿದ್ದಾಗ ಒಂದೇ ಸಲಕ್ಕೆ ಎರಡು ಸಾವಿರ ಪೆಂಗ್ವಿನ್‌ಗಳನ್ನು ಬೇಯಿಸಬಹುದಿತ್ತು. ಒಂದು ಹಕ್ಕಿಯಿಂದ ಸಿಗುತ್ತಿದ್ದದ್ದು ಸುಮಾರು ಅರ್ಧ ಲೀಟರ್ ಎಣ್ಣೆ.

ಈ ಕೆಲಸಕ್ಕೂ ಮನುಷ್ಯರ ಪ್ರಾಣ ತೆರಬೇಕಾಯಿತು. 1891ರಲ್ಲಿ ಹ್ಯಾಚ್‌ನ ಕೆಲಸಗಾರರ ಸುದ್ದಿಯೇ ಇಲ್ಲದಾಗ ಅವರನ್ನು ಕರೆತರಲು 'ಕಾಕನುಯಿ' ಎಂಬ ಉಗಿಹಡಗು ಹೋಯಿತು. ದ್ವೀಪ ತಲುಪಿ, ಕೆಲಸಗಾರರನ್ನು ಹತ್ತಿಸಿಕೊಂಡು ಹೊರಟ ಆ ಹಡಗು ಮರಳಿ ಬರಲೇ ಇಲ್ಲ.

ಇದನ್ನು ನಿಲ್ಲಿಸಬೇಕೆಂದು ದನಿ ಎತ್ತಿದವರಲ್ಲಿ ಪ್ರಮುಖರು ವಿಜ್ಞಾನಿ ಡಗ್ಲಸ್ ಮಾಸನ್. ಅವರು 1911ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗುವ ದಾರಿಯಲ್ಲಿ ಐದು ಜನರ ತಂಡವನ್ನು ಮಕ್ವಾರಿಯಲ್ಲಿ ಇಳಿಸಿದರು. ಅವರು ಹವಾಮಾನ ದಾಖಲಿಸಿದರು, ದ್ವೀಪದ ನಕ್ಷೆ ಬರೆದರು, ಗುಡ್ಡದ ಮೇಲೆ ನಿಸ್ತಂತು ಕಂಬ ನಿಲ್ಲಿಸಿದರು. ಅಂಟಾರ್ಕ್ಟಿಕಾದಿಂದ ಹೊರಜಗತ್ತಿಗೆ ಮೊದಲ ನಿಸ್ತಂತು ಸಂದೇಶಗಳು ತಲುಪಿದ್ದು ಈ ಗುಡ್ಡದ ಮೂಲಕ. 1913ರಲ್ಲಿ ದಾಸ್ತಾನು ಮುಗಿಯುತ್ತಾ ಬಂದಾಗ ಅವರೂ ಹಿಂದಿನ ಬೇಟೆಗಾರರಂತೆ ಸೀಲ್ ಮಾಂಸ, ಹಕ್ಕಿಮೊಟ್ಟೆ ತಿಂದು ದಿನ ದೂಡಿದರು. ಅತ್ಯಂತ ಜತನದಿಂದ ನಕ್ಷೆ ಬರೆದ ಲೆಸ್ಲಿ ಬ್ಲೇಕ್ ಎಂಬ ತರುಣ ಮುಂದೆ 1918ರಲ್ಲಿ, ಮೊದಲನೆಯ ಮಹಾಯುದ್ಧದ ಕೊನೆಯ ವಾರಗಳಲ್ಲಿ, ಫ್ರಾನ್ಸಿನಲ್ಲಿ ಮಡಿದ.

ಮಾಸನ್ ಮತ್ತು ಅವರ ಸಂಗಾತಿಗಳ ಸತತ ಪ್ರಚಾರದಿಂದ ಜನಾಭಿಪ್ರಾಯ ಹ್ಯಾಚ್‌ನ ವಿರುದ್ಧ ತಿರುಗಿತು. ಆತ ಊರೂರಿಗೆ ಹೋಗಿ ಭಾಷಣ ಮಾಡಿ ತನ್ನ ಉದ್ಯಮವನ್ನು ಸಮರ್ಥಿಸಿಕೊಂಡ. ಆದರೆ ಟಾಸ್ಮೇನಿಯಾ ಸರ್ಕಾರ ಪರವಾನಗಿ ಮುಂದುವರಿಸಲಿಲ್ಲ. 1919ಕ್ಕೆ ಎಣ್ಣೆಯ ಕೆಲಸ ನಿಂತಿತು. 1933ರಲ್ಲಿ ಇಡೀ ದ್ವೀಪವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅಷ್ಟು ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿದ್ದ ಕಿಂಗ್ ಪೆಂಗ್ವಿನ್‌ಗಳಲ್ಲಿ ಉಳಿದಿದ್ದದ್ದು ಲುಸಿಟೇನಿಯಾ ಕೊಲ್ಲಿಯ ಕೆಲವೇ ಸಾವಿರ. 1980ರ ಗಣತಿಯಲ್ಲಿ ಅವು ಎರಡು ಲಕ್ಷ ದಾಟಿದ್ದವು. ಹ್ಯಾಚ್‌ನ ತುಕ್ಕು ಹಿಡಿದ ಪಾತ್ರೆಗಳು ಇಂದಿಗೂ ಅಲ್ಲಿ ನಿಂತಿವೆ. ಅವುಗಳ ಸುತ್ತ ಪೆಂಗ್ವಿನ್‌ಗಳು ಸಂಸಾರ ಹೂಡಿವೆ.

ದ್ವೀಪದ ಒಂದು ವರ್ಷ

ಇಂದು ಅಲ್ಲಿನ ಜೀವನ ಹೇಗಿದೆ? ಆಗಸ್ಟ್ ತಿಂಗಳಲ್ಲಿ ಆನೆ ಸೀಲ್‌ನ ಗಂಡುಗಳು ತೀರಕ್ಕೆ ಬರುತ್ತವೆ. ಒಂದೊಂದರ ತೂಕ ಮೂರು ಟನ್ ಮೀರುತ್ತದೆ. ಎದೆಗೆ ಎದೆ ಕೊಟ್ಟು ಕಾದಾಡಿ ಗೆದ್ದದ್ದು ಮರಳದಂಡೆಯ ಯಜಮಾನ. ಸೆಪ್ಟೆಂಬರಿನಲ್ಲಿ ಹೆಣ್ಣುಗಳು ಬಂದು ಮರಿ ಹಾಕುತ್ತವೆ. ಹುಟ್ಟುವಾಗ ನಲವತ್ತು ಕಿಲೋ ಇರುವ ಮರಿ ಮೂರೂವರೆ ವಾರದಲ್ಲಿ ತಾಯಿಹಾಲು ಕುಡಿದು ಮೂರು ಪಟ್ಟಾಗುತ್ತದೆ. ಅಷ್ಟು ದಿನ ತಾಯಿ ಏನನ್ನೂ ತಿನ್ನುವುದಿಲ್ಲ.

ಸೆಪ್ಟೆಂಬರಿನಲ್ಲೇ ರಾಯಲ್ ಪೆಂಗ್ವಿನ್‌ಗಳೂ ಬರುತ್ತವೆ. ತಲೆಯ ಮೇಲೆ ಹಳದಿ ಗರಿಗಳ ಜುಟ್ಟಿರುವ ಇವು ಮರಿ ಮಾಡುವುದು ಪ್ರಪಂಚದಲ್ಲಿ ಮಕ್ವಾರಿ ಮತ್ತು ಅದರ ಪಕ್ಕದ ಬಂಡೆದ್ವೀಪಗಳಲ್ಲಿ ಮಾತ್ರ. 1980ರ ದಶಕದ ಗಣತಿಯಲ್ಲಿ ಸುಮಾರು ಎಂಟೂವರೆ ಲಕ್ಷ ಜೋಡಿಗಳಿದ್ದವು. ಶರತ್ಕಾಲದಲ್ಲಿ, ಅಂದರೆ ಅಲ್ಲಿನ ಏಪ್ರಿಲ್‌ನಲ್ಲಿ, ಎಲ್ಲವೂ ಸಮುದ್ರಕ್ಕೆ ಹೋಗುತ್ತವೆ. ಆದರೆ ಕಿಂಗ್ ಪೆಂಗ್ವಿನ್ ಚಳಿಗಾಲದಲ್ಲೂ ಇರುತ್ತದೆ. ಅದರ ಮರಿ ಬೆಳೆದು ಸಮುದ್ರಕ್ಕಿಳಿಯಲು ಸುಮಾರು ಒಂದು ವರ್ಷ ಬೇಕು. ನಾಲ್ಕು ಜಾತಿಯ ಆಲ್ಬಟ್ರಾಸ್ ಹಕ್ಕಿಗಳೂ ಇಲ್ಲಿ ಗೂಡು ಕಟ್ಟುತ್ತವೆ.

ಇವುಗಳ ನಡುವೆ ಮನುಷ್ಯರೂ ಇದ್ದಾರೆ. 1948ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ದ್ವೀಪದ ಉತ್ತರ ತುದಿಯ ಭೂಸಂಧಿಯಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅಂದಿನಿಂದ ವಿಜ್ಞಾನಿಗಳು, ವೈದ್ಯರು, ಅಡಿಗೆಯವರು, ಮೆಕ್ಯಾನಿಕ್‌ಗಳು ಸರದಿಯಂತೆ ಅಲ್ಲಿದ್ದು ಬಂದಿದ್ದಾರೆ. ವಿಮಾನ ಇಳಿಯುವ ಜಾಗವಿಲ್ಲ. ದಾಸ್ತಾನು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಡಗಿನಲ್ಲಿ ಬರುತ್ತದೆ. ಹವಾಮಾನ ತಿಳಿಯಲು ಪ್ರತಿದಿನ ಬಲೂನು ಹಾರಿಸುತ್ತಾರೆ. ಬಾಗಿಲು ತೆರೆದರೆ ಮೆಟ್ಟಿಲ ಬಳಿಯೇ ಆನೆ ಸೀಲ್ ಮಲಗಿರುವುದುಂಟು. ಆಗ ಸುತ್ತುಬಳಸಿ ಹೋಗಬೇಕಾದವನು ಮನುಷ್ಯನೇ.

ಹೆಣ್ಣುಮಕ್ಕಳ ಗಮನಕ್ಕೆ ಒಂದು ಮಾತು. ಮೊದಲ ಹನ್ನೊಂದು ವರ್ಷ ಈ ಕೇಂದ್ರಕ್ಕೆ ಮಹಿಳೆಯರಿಗೆ ಪ್ರವೇಶವಿರಲಿಲ್ಲ. 1959ರ ಡಿಸೆಂಬರಿನಲ್ಲಿ ಇಸೊಬೆಲ್ ಬೆನೆಟ್, ಸೂಸನ್ ಇಂಗಮ್, ಮೇರಿ ಗಿಲ್ಲಮ್, ಹೋಪ್ ಮ್ಯಾಕ್‌ಫರ್ಸನ್ ಎಂಬ ನಾಲ್ವರು ಮಹಿಳಾ ವಿಜ್ಞಾನಿಗಳು ಮೊದಲ ಬಾರಿ ಹೋದರು. ಮುಂದೆ ಮಹಿಳೆಯರನ್ನು ಕಳಿಸಬೇಕೋ ಬೇಡವೋ ಎಂಬುದು ಇವರ ನಡತೆಯ ಮೇಲೆ ನಿಂತಿದೆ ಎಂದು ಅವರಿಗೆ ಹೇಳಿ ಕಳಿಸಲಾಗಿತ್ತು. ಬೆನೆಟ್ ಕಾಲೇಜು ಮೆಟ್ಟಿಲು ಹತ್ತದೆ, ವಿಶ್ವವಿದ್ಯಾಲಯದಲ್ಲಿ ಸಹಾಯಕಿಯಾಗಿ ಸೇರಿ, ದುಡಿದು ಕಲಿತು ಸಾಗರವಿಜ್ಞಾನಿಯಾದವರು. 1976ರಲ್ಲಿ ವೈದ್ಯೆ ಜೋಯಿ ಗಾರ್ಡನರ್ ಅಲ್ಲಿ ಇಡೀ ಚಳಿಗಾಲ ಕಳೆದ ಮೊದಲ ಮಹಿಳೆಯಾದರು.

ಕೆಡಿಸಿದ್ದನ್ನು ಸರಿಪಡಿಸುವ ಕಷ್ಟ

ಬೇಟೆ ನಿಂತಿತು ಎಂದಮಾತ್ರಕ್ಕೆ ದ್ವೀಪ ಉಳಿಯಲಿಲ್ಲ. ಮನುಷ್ಯ ತಂದ ಬೆಕ್ಕು, ಮೊಲ, ಇಲಿಗಳು ತಮ್ಮ ಕೆಲಸ ಮುಂದುವರಿಸಿದ್ದವು. ಬೆಕ್ಕುಗಳು ವರ್ಷಕ್ಕೆ ಸುಮಾರು ಅರವತ್ತು ಸಾವಿರ ಸಮುದ್ರಪಕ್ಷಿಗಳನ್ನು ತಿನ್ನುತ್ತಿದ್ದವು. 1985ರಲ್ಲಿ ಆರಂಭಿಸಿದ ಕಾರ್ಯಾಚರಣೆಯಲ್ಲಿ ಕೊನೆಯ ಬೆಕ್ಕನ್ನು 2000ದಲ್ಲಿ ಕೊಲ್ಲಲಾಯಿತು. ನೂರು ವರ್ಷದ ನಂತರ ಬೂದು ಪೆಟ್ರೆಲ್ ಎಂಬ ಹಕ್ಕಿ ಮತ್ತೆ ಗೂಡು ಕಟ್ಟಿತು.

ಆದರೆ ಹಳೆಯ ಪಾಠ ಮತ್ತೊಮ್ಮೆ ಎದುರಾಯಿತು. ಬೆಕ್ಕು ಹೋಯಿತು. ಮೊಲಗಳನ್ನು ನಿಯಂತ್ರಿಸಲು 1978ರಿಂದ ಬಳಸುತ್ತಿದ್ದ ರೋಗಾಣುವಿನ ಪ್ರಭಾವವೂ ಕುಗ್ಗಿತು. ಮೊಲಗಳು ಲಕ್ಷ ಮೀರಿ ಇಳಿಜಾರಿನ ಹುಲ್ಲನ್ನೆಲ್ಲ ಮೇಯ್ದವು. ಬೇರಿಲ್ಲದ ಮಣ್ಣು ಸಡಿಲವಾಯಿತು. 2006ರಲ್ಲಿ ಜೋರು ಮಳೆಗೆ ಲುಸಿಟೇನಿಯಾ ಕೊಲ್ಲಿಯಲ್ಲಿ ಗುಡ್ಡ ಕುಸಿದು ಕಿಂಗ್ ಪೆಂಗ್ವಿನ್‌ಗಳ ನೆಲೆಯ ಮೇಲೆ ಬಿತ್ತು.

2007ರಲ್ಲಿ ಆಸ್ಟ್ರೇಲಿಯಾ ಮತ್ತು ಟಾಸ್ಮೇನಿಯಾ ಸರ್ಕಾರಗಳು 2 ಕೋಟಿ 46 ಲಕ್ಷ ಡಾಲರ್ ತೆಗೆದಿಟ್ಟು ಮೊಲ, ಇಲಿ, ಹೆಗ್ಗಣಗಳನ್ನು ಪೂರ್ತಿ ನಿರ್ಮೂಲ ಮಾಡಲು ಹೊರಟವು. 2010ರ ಮೊದಲ ಪ್ರಯತ್ನ ಕೆಟ್ಟ ಹವೆಯಿಂದ ಅರ್ಧಕ್ಕೇ ನಿಂತಿತು. 2011ರಲ್ಲಿ ಹೆಲಿಕಾಪ್ಟರ್‌ಗಳಿಂದ ಇಡೀ ದ್ವೀಪಕ್ಕೆ ವಿಷದ ಕಾಳು ಚೆಲ್ಲಲಾಯಿತು. ತರಬೇತಿ ಪಡೆದ ನಾಯಿಗಳೊಂದಿಗೆ ತಂಡಗಳು ಗುಡ್ಡ ಕಣಿವೆಗಳನ್ನು ಜಾಲಾಡಿ ಉಳಿದವನ್ನು ಹುಡುಕಿದವು. ಆ ವಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ದ್ವೀಪದ ಹಕ್ಕಿಗಳೂ ಬಲಿಯಾದವು. 2014ರ ಏಪ್ರಿಲ್‌ನಲ್ಲಿ ದ್ವೀಪ ಪೂರ್ತಿ ಮುಕ್ತವಾಯಿತೆಂದು ಘೋಷಿಸಲಾಯಿತು. ಈಗ ಪೊದೆಹುಲ್ಲೂ ಮಕ್ವಾರಿ ಕೋಸೂ ಮತ್ತೆ ಎದ್ದುನಿಂತಿವೆ. 2023ರಲ್ಲಿ ದ್ವೀಪದ ಸುತ್ತಲಿನ ಸಂರಕ್ಷಿತ ಸಾಗರಪ್ರದೇಶವನ್ನು ಸುಮಾರು ಮೂರು ಪಟ್ಟು ವಿಸ್ತರಿಸಲಾಯಿತು.

ಬೆಕ್ಕು ನಮ್ಮ ಮನೆಗಳಲ್ಲಿ ಮುದ್ದಿನ ಪ್ರಾಣಿ. ಸಾವಿರಾರು ಬೆಕ್ಕು, ಮೊಲಗಳನ್ನು ಕೊಂದದ್ದು ಸರಿಯೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಆ ಬೆಕ್ಕು ತಾನಾಗಿ ಅಲ್ಲಿಗೆ ಈಜಿ ಬಂದಿರಲಿಲ್ಲ, ಅದರದ್ದು ಯಾವ ತಪ್ಪೂ ಇಲ್ಲ. ಹಾಗೆಂದು ಕೈಕಟ್ಟಿ ಕೂತಿದ್ದರೆ ಗಿಳಿಯ ಗತಿಯೇ ಇನ್ನೂ ಹಲವು ಹಕ್ಕಿಗಳದ್ದಾಗುತ್ತಿತ್ತು. ಒಬ್ಬನ ದುಡುಕಿನಿಂದ ಆದ ಕೇಡನ್ನು ಸರಿಪಡಿಸುವವನಿಗೆ ಎರಡೂ ಕಡೆ ನೋವಿನ ದಾರಿಗಳೇ ಉಳಿಯುತ್ತವೆ. ಈ ದ್ವೀಪದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಪಾಠವಾಗಿ ಕಂಡದ್ದು ಇದೇ.

ಉರ್ದುವಿನಲ್ಲಿ 'ಅಮಾನತ್' ಎಂಬ ಪದವಿದೆ. ನಮ್ಮದಲ್ಲದ, ಆದರೆ ನಮ್ಮ ಕೈಗೆ ನಂಬಿ ಒಪ್ಪಿಸಿದ ವಸ್ತು ಎಂದು ಅದರ ಅರ್ಥ. ಭೂಮಿಯೂ ಅದರ ಮೇಲಿನ ಎಲ್ಲ ಜೀವಿಗಳೂ ಅಲ್ಲಾಹನು ಮನುಷ್ಯನಿಗೆ ಒಪ್ಪಿಸಿದ ಅಮಾನತ್ತು, ಅದರ ಹಿಸಾಬು ಕೊಡಬೇಕಾಗುತ್ತದೆ ಎಂಬುದು ನಮ್ಮ ನಂಬಿಕೆ. ಮಕ್ವಾರಿಯಲ್ಲಿ ಆ ಅಮಾನತ್ತಿಗೆ ದ್ರೋಹ ಬಗೆದವರೂ ಮನುಷ್ಯರೇ, ಚಳಿಗಾಳಿಯಲ್ಲಿ ವರ್ಷಗಟ್ಟಲೆ ಅಲೆದು ಅದನ್ನು ಉಳಿಸಿದವರೂ ಮನುಷ್ಯರೇ. ವ್ಯತ್ಯಾಸವಿದ್ದದ್ದು ವಿದ್ಯೆಯಲ್ಲಿ ಮತ್ತು ನಿಯ್ಯತ್ತಿನಲ್ಲಿ.

ವಿದ್ಯಾರ್ಥಿಗಳೇ, ನಿಮ್ಮ ಊರಿನ ಕೆರೆಯಲ್ಲಿ, ಗೋಮಾಳದಲ್ಲಿ, ದರ್ಗಾದ ಹಳೆಯ ಮರಗಳಲ್ಲಿ ಹಿಂದೆ ಯಾವ ಹಕ್ಕಿಗಳಿದ್ದವು, ಈಗ ಯಾವುವು ಇಲ್ಲ ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮಕ್ವಾರಿಯ ಸೀಲ್ ಯಾವ ಜಾತಿಯದೆಂದು ಬರೆದಿಡುವವರು ಅಂದು ಯಾರೂ ಇರಲಿಲ್ಲ. ನಮ್ಮ ಊರಿನ ವಿಷಯದಲ್ಲಿ ಹಾಗಾಗುವುದು ಬೇಡ.